ತೊಗಲು ಹೊಂಡದ ಸೀಸೆಗಳು

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ನಲವತ್ತು ಪೆಟ್ರಿ ತಟ್ಟೆಗಳಲ್ಲಿ ಒಂದರಲ್ಲೂ ಏನೂ ಬೆಳೆದಿರಲಿಲ್ಲ.

ಸಂಘಮಿತ್ರಾ ಮೊದಲು ಮುಚ್ಚಳ ಒರೆಸಿ ನೋಡಿದಳು. ಆಮೇಲೆ ಒಂದೊಂದನ್ನೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ ಮೇಲೆ ಅಲ್ಲಿ ಬೆಣ್ಣೆಬಣ್ಣದ ಚುಕ್ಕೆಗಳು ಇರಬೇಕಿತ್ತು. ನಲವತ್ತನೆಯದನ್ನೂ ನೋಡಿ ಮುಗಿಸಿ ಸ್ಟೂಲಿನ ಮೇಲೆ ಕುಳಿತಳು.

ಎಡೆದೊರೆ ವಿಶ್ವವಿದ್ಯಾಲಯದ ಜೀವವಿಜ್ಞಾನ ವಿಭಾಗ ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಭತ್ತದ ಗದ್ದೆಗಳ ಪಕ್ಕದಲ್ಲಿದೆ. ಅಲ್ಲಿ ಸಂಘಮಿತ್ರಾಳದು ಪಿಎಚ್‌.ಡಿ.ಯ ಐದನೇ ವರ್ಷ. ಲಿಂಗಸುಗೂರು ತಾಲ್ಲೂಕಿನ ಹಳೆಯ ತೊಗಲು ಹೊಂಡಗಳಲ್ಲಿ, ಅಂದರೆ ತಂಗಡಿ ತೊಗಟೆಯ ನೀರಿನಲ್ಲಿ ಚರ್ಮ ಹದ ಮಾಡುತ್ತಿದ್ದ ಗುಂಡಿಗಳಲ್ಲಿ, ಬದುಕಿದ್ದ ಬ್ಯಾಕ್ಟೀರಿಯಾಗಳನ್ನು ಆಕೆ ಹೆಕ್ಕಿ ತಂದಿದ್ದಳು. ಸುಣ್ಣವಿಲ್ಲದೆ, ವಿಷದ ರಾಸಾಯನಿಕವಿಲ್ಲದೆ ಚರ್ಮದ ಕೂದಲು ಬಿಡಿಸುವ ಗುಣ ಅವುಗಳಲ್ಲಿ ಕೆಲವಕ್ಕಿತ್ತು. ಇನ್ನೂರ ಹನ್ನೆರಡು ತಳಿ. ಇನ್ನೂರ ಹನ್ನೆರಡು ಪುಟ್ಟ ಸೀಸೆ. ಮೂರು ರಟ್ಟಿನ ಡಬ್ಬಿಗಳಲ್ಲಿ, ಮೈನಸ್ ಎಂಬತ್ತು ಡಿಗ್ರಿಯ ಡೀಪ್ ಫ್ರೀಜರಿನ ಮೇಲಿನ ಶೆಲ್ಫಿನಲ್ಲಿ. ಸೋಮವಾರ ಅವುಗಳಲ್ಲಿ ನಲವತ್ತರಿಂದ ಒಂದೊಂದು ಚೂರು ಕೆರೆದು ತಟ್ಟೆಗೆ ಹಾಕಿದ್ದಳು.

ಬಾಕಿ ಇದ್ದದ್ದು ಕೊನೆಯ ಪ್ರಯೋಗ. ಅವಧಿ ವಿಸ್ತರಣೆಗೆ ಸಂಶೋಧನಾ ಸಮಿತಿ ಮುಂದಿನ ಬುಧವಾರ ಸೇರುವುದಿತ್ತು. ಆ ದಿನ ಜೀವಂತ ತಳಿ ತೋರಿಸದಿದ್ದರೆ ಅವಳ ನೋಂದಣಿ ರದ್ದು.

ಹನ್ನೊಂದು ಗಂಟೆಗೆ ಅಮರೇಶ್ವರಿ ವಿಭಾಗದ ಮೆಟ್ಟಿಲು ಹತ್ತಿದಳು. ಆಕೆ ಗ್ರಂಥಪಾಲಕಿ. ಬೇರೆ ಯಾರೂ ಒಪ್ಪದ್ದರಿಂದ, ಭೇದಭಾವದ ದೂರು ಕೇಳುವ ಸಮಾನ ಅವಕಾಶ ಕೋಶದ ಸಂಚಾಲಕಿಯೂ ಆಗಿದ್ದಳು. ಆರು ವರ್ಷದಲ್ಲಿ ಹನ್ನೊಂದು ದೂರು ಬಂದಿದ್ದವು. ಹನ್ನೊಂದಕ್ಕೂ ವರದಿ ಬರೆದಿದ್ದಳು. ಒಂದರ ಮೇಲೂ ಕ್ರಮವಾಗಿರಲಿಲ್ಲ. ಇದು ಹನ್ನೆರಡನೆಯದು, ಸಂಘಮಿತ್ರಾಳದು.

ವಿಭಾಗದ ಮುಖ್ಯಸ್ಥ ಪ್ರೊಫೆಸರ್ ವಿರೇಶ ಕುರ್ಚಿ ತೋರಿಸಿದರು. ಅವರ ಬೆನ್ನ ಹಿಂದೆ ಹೊಸ ಬ್ಯಾನರು: ‘ವೈವಿಧ್ಯವೇ ನಮ್ಮ ಶಕ್ತಿ, ಒಳಗೊಳ್ಳುವಿಕೆಯೇ ನಮ್ಮ ನೀತಿ’. ಮಧ್ಯದಲ್ಲಿ ಬಿಳಿ ಕೋಟು ತೊಟ್ಟ ಸಂಘಮಿತ್ರಾಳ ಫೋಟೊ. ತಿಂಗಳ ಕೊನೆಗೆ ದಿಲ್ಲಿಯಿಂದ ಮೌಲ್ಯಮಾಪನ ತಂಡ ಬರುವುದಿತ್ತು.

“ಮೇಡಂ, ಇದಕ್ಕ ನಿಮ್ಮ ಕೋಶ ಯಾಕ್ರಿ? ಬ್ಯಾಕ್ಟೀರಿಯಾ ಸತ್ತಾವ. ಅವಕ್ಕೇನು ಜಾತಿ ಐತೇನು?”

“ದೂರು ಬಂದೈತಿ ಸರ್. ಕೇಳಬೇಕಲ್ರಿ.”

“ಯಾರ ಮ್ಯಾಲ?”

“ಹೆಸರು ಬರದಿಲ್ಲ.”

“ಮತ್ತ? ಸೀಸೆ ತುಂಬೂಮುಂದ, ತಂಪಿಗೆ ಸಾಯದಂಗ ಹಾಕೋ ಗ್ಲಿಸರಾಲ್ ಕಮ್ಮಿ ಹಾಕ್ಯಾಳ. ಇಲ್ಲಾಂದ್ರ ಕರೆಂಟ್ ಹೋಗೈತಿ. ಇಲ್ಲಿ ಕರೆಂಟ್ ಹೋಗಾದು ಹೊಸಾದೇನ್ರಿ?” ವಿರೇಶರು ಬ್ಯಾನರಿನ ಕಡೆ ಕೈ ಮಾಡಿದರು. “ಭೇದ ಮಾಡವ್ರಾಗಿದ್ರ ಅಕೀ ಫೋಟೊ ಹಾಕ್ತಿದ್ವೇನು?”

ಅಮರೇಶ್ವರಿ ಬರೆದುಕೊಂಡಳು. ಎರಡು ಕಾರಣ — ಅವಳ ತಪ್ಪು, ಅಥವಾ ಕರೆಂಟು.

ಪ್ರಯೋಗಾಲಯದಲ್ಲಿ ಇನ್ನೂ ಹಬ್ಬದ ವಾಸನೆಯಿತ್ತು. ಹಿಂದಿನ ವಾರದ ಮಂಗಳವಾರ ವಿಭಾಗದವರು ಆಯುಧಪೂಜೆ ಮಾಡಿದ್ದರು. ಸೂಕ್ಷ್ಮದರ್ಶಕ, ತಕ್ಕಡಿ, ಸೆಂಟ್ರಿಫ್ಯೂಜ್, ಬಾಗಿಲ ಬಳಿಯ ಆಳೆತ್ತರದ ಡೀಪ್ ಫ್ರೀಜರು — ಎಲ್ಲದರ ಮೇಲೂ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂ. ಅಮರೇಶ್ವರಿ ಅದನ್ನು ನೋಡಿಯೂ ನೋಡಲಿಲ್ಲ. ಅದೇ ಮಂಗಳವಾರ ತನ್ನ ಗ್ರಂಥಾಲಯದ ಕಂಪ್ಯೂಟರುಗಳಿಗೆ ಅವಳೇ ಕುಂಕುಮ ಹಚ್ಚಿದ್ದಳು.

ಸಂಘಮಿತ್ರಾಳ ಪಕ್ಕದಲ್ಲಿ ಅಶ್ವಿನಿ ನಿಂತಿದ್ದಳು. ಜವಳಗೇರಾದ ಹುಡುಗಿ, ಭತ್ತದ ಎಲೆಗೆ ಬರುವ ರೋಗದ ಮೇಲೆ ಸಂಶೋಧನೆ. ಇಬ್ಬರದೂ ಒಂದೇ ಬೆಂಚು. ನಾಲ್ಕು ವರ್ಷದಿಂದ ಮಧ್ಯಾಹ್ನದ ಊಟವೂ ಒಟ್ಟಿಗೆ. ಸಮಾನ ಅವಕಾಶ ಕೋಶದಲ್ಲಿ ವಿದ್ಯಾರ್ಥಿ ಪ್ರತಿನಿಧಿಯೂ ಅವಳೇ.

“ಮುಂಜಾನಿಂದ ಒಂದು ಗುಟುಕು ಚಾ ಸೈತ ಕುಡದಿಲ್ರಿ ಮೇಡಂ ಇಕಿ,” ಎಂದಳು ಅಶ್ವಿನಿ. “ನೀವರ ಹೇಳ್ರಿ.”

“ಮತ್ತೊಮ್ಮೆ ತರಾಕ ಆಗಂಗಿಲ್ಲೇನು?” ಅಮರೇಶ್ವರಿ ಕೇಳಿದಳು.

“ಎಲ್ಲಿಂದ ತರ್ಲಿ?” ಸಂಘಮಿತ್ರಾಳ ದನಿ ಸಮವಾಗಿತ್ತು. “ಗುರುಗುಂಟಾದಾಗ ನಮ್ಮಜ್ಜನ ಹೊಂಡನ ಕಡೀದು. ನಾ ಮಾದರಿ ತಂದ ವರ್ಷನ ಮುಚ್ಚಿದ್ರು.”

“ಈ ಸೀಸೆ ಕಡೀಗೆ ಯಾವಾಗ ತೆಗದಿದ್ದಿ?”

“ಜೂನದಾಗ. ಎಲ್ಲಾ ಬೆಳದಿದ್ವು. ಪುಸ್ತಕದಾಗ ಐತಿ ನೋಡ್ರಿ, ಸರ್ ಸಹಿ ಸೈತ.”

ಹಾಗಾದರೆ ಗ್ಲಿಸರಾಲ್ ಸರಿಯಿತ್ತು. ಅಮರೇಶ್ವರಿ ಮೊದಲ ಕಾರಣದ ಮೇಲೆ ಗೆರೆ ಎಳೆದಳು.

“ಇದ ಫ್ರೀಜರಿನಾಗ ಮತ್ಯಾರವು ಅದಾವ?”

“ನಮ್ಮುವು ಅದಾವ್ರಿ,” ಅಶ್ವಿನಿ ಎಂದಳು. “ಕೆಳಗಿನ ಶೆಲ್ಫ್.”

“ಬೆಳದಾವೇನು?”

ಅಶ್ವಿನಿ ಸಂಘಮಿತ್ರಾಳ ಕಡೆ ನೋಡಿದಳು. “ಬೆಳದಾವ್ರಿ.”

ಕರೆಂಟ್ ಹೋಗಿದ್ದರೆ ಎರಡೂ ಶೆಲ್ಫಿನವು ಸಾಯಬೇಕಿತ್ತು. ಎರಡನೆಯ ಕಾರಣದ ಮೇಲೂ ಗೆರೆ.

ಸಂಘಮಿತ್ರಾ ದಪ್ಪ ಕೈಗವಸು ತೊಟ್ಟು ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ಹಿಮ ಹೊಗೆಯಾಡಿತು. ಸೋಮವಾರ ಕೆರೆಯದೆ ಉಳಿದಿದ್ದ ಸೀಸೆಯೊಂದನ್ನು ಅಮರೇಶ್ವರಿ ಕರವಸ್ತ್ರದಲ್ಲಿ ಹಿಡಿದು ಹೊರಗಿನ ಹಿಮ ಒರೆಸಿದಳು. ಒಳಗೆ ಹೆಪ್ಪುಗಟ್ಟಿದ್ದ ನೀರು ಸೀಸೆಯ ಒಂದು ಬದಿಗೆ ಏರಿ, ಇನ್ನೊಂದು ಬದಿಗೆ ಇಳಿದು ನಿಂತಿತ್ತು.

“ಇದು ಯಾಕ ಓರೆ ಐತಿ?”

ಸಂಘಮಿತ್ರಾ ಬಗ್ಗಿ ನೋಡಿದಳು. ಇನ್ನೊಂದನ್ನು ಒರೆಸಿದಳು. ಮತ್ತೊಂದನ್ನು. ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಓರೆ.

“ಓರೆ ಇರಬಾರದ್ರಿ,” ಎಂದಳು ಮೆಲ್ಲಗೆ. “ಡಬ್ಬಿ ನೆಟ್ಟಗ ಇರ್ತೈತಿ. ನೀರೂ ನೆಟ್ಟಗ ಹೆಪ್ಪುಗಟ್ಟಬೇಕು. ಸೋಮವಾರ ಗಡಬಡೀಲೆ ಕೆರದು ತಗೊಂಡೆ, ನಾ ನೋಡಲೇ ಇಲ್ಲ.”

“ಸೋಮವಾರ ನೀ ಬಾಗಲಾ ತೆಗದಾಗ ಡಬ್ಬಿ ಹೆಂಗಿತ್ತು?”

“ನೆಟ್ಟಗ. ತನ್ನ ಜಾಗದಾಗ.”

ಕೆಳಗಿನ ಶೆಲ್ಫಿನಿಂದ ಅಶ್ವಿನಿಯ ಸೀಸೆಯೊಂದನ್ನು ತರಿಸಿ ನೋಡಿದರು. ಸಮನಾಗಿ ನಿಂತಿತ್ತು.

ಡಬ್ಬಿಯ ಹಿಮ ಕರಗತೊಡಗಿತು. ಅದರ ತಳದ ರಟ್ಟು ಉಬ್ಬಿತ್ತು, ಒಂದು ಮೂಲೆ ಹರಿದಿತ್ತು. ಅಮರೇಶ್ವರಿ ಬೆರಳಿನಿಂದ ತಳ ಉಜ್ಜಿ ಮೂಗಿನ ಬಳಿ ಹಿಡಿದಳು. ಡೀಸೆಲ್.

“ಉಳಿದವನ್ನೂ ಇವತ್ತ ತಟ್ಟೆಗೆ ಹಾಕು,” ಎಂದಳು. “ನೂರಾ ಎಪ್ಪತ್ತೆರಡನ್ನೂ.”

ಜನರೇಟರ್ ಕೋಣೆ ಕಟ್ಟಡದ ಹಿಂದೆ, ತಗಡಿನ ಮಾಡಿನ ಕೆಳಗೆ. ಪೊರಕೆ, ಒಡೆದ ಬಕೆಟ್ಟು, ಮೂಲೆಗೆ ಹಳೆಯ ಚಪ್ಪಲಿ. ಅಟೆಂಡರ್ ವೆಂಕೋಬ ಬಾಗಿಲಲ್ಲಿ ಬೀಡಿ ಆರಿಸಿ ಎದ್ದು ನಿಂತ. ಇಪ್ಪತ್ತು ವರ್ಷದಿಂದ ವಿಭಾಗದ ಪೂಜೆಯೆಲ್ಲ ಅವನ ಕೈಯಿಂದಲೇ.

“ಪೂಜಾ ದಿನ ಜನರೇಟರ್ ನಡದಿತ್ತೇನೋ ವೆಂಕೋಬ?”

“ನಡದಿತ್ರಿ ಅಮ್ಮಾರ. ಹನ್ನೆರಡೂವರಿಗೆ ಕರೆಂಟ್ ಹೋತು, ನಾಕೂವರಿಗೆ ಬಂತು.”

“ಖೋಲಿಯಾಗ ಸೆಕಿ ಭಾಳ ಇರ್ತಿರಬೇಕು.”

“ಸೆಕಿ ಏನ್ರಿ, ರೊಟ್ಟಿ ಸುಡಬೌದು.”

“ಅವತ್ತ ಇಲ್ಲಿ ಯಾರರ ಏನರ ಇಟ್ಟಿದ್ರೇನು?”

ವೆಂಕೋಬ ಗದ್ದೆಯ ಕಡೆ ನೋಡಿದ. “ನಾ ಪೂಜಾದಾಗ ಇದ್ದೆರಿ.”

“ಇಟ್ಟಿದ್ರೋ ಇಲ್ಲೋ?”

“ನಂಗ ಇನ್ನಾ ಎರಡು ವರ್ಷ ನೌಕರಿ ಐತ್ರಿ ಅಮ್ಮಾರ.”

ಅವನು ಪೊರಕೆ ಎತ್ತಿಕೊಂಡು ಹೊರನಡೆದ.

ಗುರುವಾರ ಅಮರೇಶ್ವರಿ ಫ್ರೀಜರಿನ ಪುಸ್ತಕ ತರಿಸಿಕೊಂಡಳು. ಬಾಗಿಲು ತೆರೆದವರು ದಿನ, ಗಂಟೆ, ಹೆಸರು ಬರೆಯಬೇಕೆಂಬುದು ನಿಯಮ. ಪೂಜೆಯ ಮಂಗಳವಾರ — ಯಾರೂ ತೆರೆದಿಲ್ಲ. ಬುಧವಾರ ಮಹಾನವಮಿ, ಗುರುವಾರ ವಿಜಯದಶಮಿ, ಎರಡೂ ದಿನ ರಜೆ. ಶುಕ್ರವಾರ ಒಂದು ಹೆಸರು. ಸೋಮವಾರ ಸಂಘಮಿತ್ರಾ.

ಬೀಗದ ಕೈ ಮೂರು. ಒಂದು ವಿರೇಶರಲ್ಲಿ, ಒಂದು ಅಶ್ವಿನಿಯಲ್ಲಿ, ಒಂದು ಸಂಘಮಿತ್ರಾಳಲ್ಲಿ. ಸಂಘಮಿತ್ರಾ ಪೂಜೆಯ ಹಿಂದಿನ ಸಂಜೆಯೇ ಊರಿಗೆ ಹೋಗಿದ್ದಳು. ವಿಜಯದಶಮಿಯಂದು ಅವರ ಮನೆಯವರೆಲ್ಲ ಮಸ್ಕಿಯ ಅಶೋಕನ ಶಾಸನದ ಗುಡ್ಡದಲ್ಲಿ ಸೇರುತ್ತಾರೆ. ಅವಳ ಅಪ್ಪ ಬೌದ್ಧನಾದಾಗಿನಿಂದ ಅದೇ ಹಬ್ಬ. ವಿರೇಶರು ಮಂಗಳವಾರ ಇದ್ದರು. ಶುಕ್ರವಾರ ರಾಯಚೂರಿನ ಸಭೆಯಲ್ಲಿದ್ದರು.

ಹೊರಗೆ ಬರುವಾಗ ಕಾರಿಡಾರಿನ ಗೋಡೆಯಲ್ಲಿ ಆಯುಧಪೂಜೆಯ ಫೋಟೊಗಳು ಸಾಲಾಗಿದ್ದವು. ಹಿಂದಿನ ನಾಲ್ಕು ವರ್ಷದವು, ಮತ್ತು ಮೊನ್ನೆಯದು. ಎಲ್ಲದರಲ್ಲೂ ಅದೇ ನಗು, ಅದೇ ಚುರುಮುರಿ ತಟ್ಟೆ, ಹಿಂದೆ ಅದೇ ಯಂತ್ರಗಳು. ಅಮರೇಶ್ವರಿ ಕನ್ನಡಕ ಒರೆಸಿಕೊಂಡು ನಗುವ ಮುಖಗಳನ್ನು ಬಿಟ್ಟು ಹಿಂದಿನ ಯಂತ್ರಗಳನ್ನು ನೋಡಿದಳು. ಹತ್ತು ನಿಮಿಷ ನಿಂತಳು. ಐದೂ ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡಳು.

ಶುಕ್ರವಾರ ನಾಲ್ಕು ಗಂಟೆಗೆ ವಿರೇಶರ ಕೋಣೆಯಲ್ಲಿ ಐದು ಜನ ಸೇರಿದರು. ವೆಂಕೋಬ ಕೂರಲಿಲ್ಲ.

“ತಟ್ಟೆ ನೋಡಿದೇನು?” ಅಮರೇಶ್ವರಿ ಕೇಳಿದಳು.

“ಒಂಬತ್ತು ಬೆಳದಾವ್ರಿ,” ಎಂದಳು ಸಂಘಮಿತ್ರಾ. “ಯಾವ ಮಣ್ಣಾಗರ ಸಿಗೋ ಜಾತಿ. ಕುದಿಸಿದ್ರೂ ಸಾಯಂಗಿಲ್ಲ ಅವು. ನಂಗ ಬೇಕಾದದ್ದು ಒಂದೂ ಇಲ್ಲ.”

ಅಶ್ವಿನಿ ಅವಳ ಕೈ ಹಿಡಿದುಕೊಂಡಳು.

“ಹಂಗಾದ್ರ ಕೇಳ್ರಿ,” ಅಮರೇಶ್ವರಿ ಶುರು ಮಾಡಿದಳು. “ಸೀಸೆ ಒಳಗಿನ ನೀರು ಓರೆ ಐತಿ. ಅಂದ್ರ ಅದು ಒಮ್ಮೆ ಪೂರಾ ಕರಗೈತಿ, ಆಮ್ಯಾಲ ಡಬ್ಬಿ ಓರೆ ಇದ್ದಾಗ ಮತ್ತ ಹೆಪ್ಪುಗಟ್ಟೈತಿ. ಕೆಳಗಿನವು ಕರಗಿಲ್ಲ. ಅಂದ್ರ ಫ್ರೀಜರ್ ಕೆಟ್ಟಿಲ್ಲ. ಇಕೀ ಮೂರು ಡಬ್ಬೀನ ಅಷ್ಟ ಹೊರಗ ಹೋಗಿ ಬಂದಾವ. ಎಲ್ಲಿಗೆ? ತಳದಾಗ ಡೀಸೆಲ್ ವಾಸನಿ ಐತಿ. ಜನರೇಟರ್ ಖೋಲಿಗೆ.”

“ಯಾರು ಒಯ್ತಾರ್ರಿ ಅಲ್ಲಿಗೆ? ಯಾಕ?” ವಿರೇಶರು ಕೇಳಿದರು.

“ಅದ ನಂಗೂ ತಿಳೀಲಿಲ್ಲ. ಹಾಳು ಮಾಡಬೇಕಂತ ಮಾಡಿದವ್ರು ವಾಪಸ್ ಯಾಕ ತಂದಿಡ್ತಾರ? ಹೊರಗ ಚೆಲ್ಲಿದ್ರ ಮುಗೀತು.” ಅವಳು ಮೊಬೈಲು ಮೇಜಿನ ಮೇಲಿಟ್ಟಳು. “ಇದು ಹೋದ ವರ್ಷದ ಪೂಜಾ. ಇದು ಅದರ ಹಿಂದಿಂದು. ಫ್ರೀಜರ್ ನೋಡ್ರಿ. ಕುಂಕುಮ ಐತೇನು?”

ವಿರೇಶರು ಮೊಬೈಲಿನ ಮೇಲೆ ಬಾಗಿದರು.

“ನಾಕೂ ವರ್ಷ ಇಲ್ಲ. ತಕ್ಕಡಿಗಿ ಐತಿ, ಫ್ಯಾನಿಗಿ ಐತಿ, ಕಸದ ಡಬ್ಬಿಗಿ ಸೈತ ಐತಿ. ಫ್ರೀಜರಿಗಿ ಇಲ್ಲ. ಈ ವರ್ಷ ಐತಿ. ಹತ್ತು ದಿನದಿಂದ ನಾವೆಲ್ಲಾ ಅದರ ಮುಂದನ ಓಡ್ಯಾಡೀವಿ. ಪೂಜಾ ಅಂದ್ರ ಕುಂಕುಮ ಇರಾದ ಅಂತ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ವೆಂಕೋಬ, ನಾಕು ವರ್ಷ ಯಾಕ ಬಿಟ್ಟಿದ್ದಿ?”

ವೆಂಕೋಬ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. “ಅದರಾಗ ತೊಗಲಿನ ಮಾಲು ಇರ್ತೈತಲ್ರಿ.”

“ಈ ವರ್ಷ ಯಾಕ ಹಚ್ಚಿದಿ?”

“ಒಳಗ ಏನೂ ಇಲ್ಲ, ಹಚ್ಚು ಅಂದ್ರು.”

“ಯಾರು ಅಂದ್ರು?”

ಅವನು ನೆಲ ನೋಡಿದ.

“ಇರ್ಲಿ, ನೀ ಹೇಳಾದು ಬ್ಯಾಡ,” ಎಂದಳು ಅಮರೇಶ್ವರಿ. “ಪೂಜಾ ದಿನ ಸಂಜಿಗೆ ಡಬ್ಬಿ ವಾಪಸ್ ಬಂದ್ವು. ರಟ್ಟು ತೊಯ್ದು ಉಬ್ಬಿತ್ತು, ಜಾಗದಾಗ ಸೇರಲಿಲ್ಲ. ಓರೆ ಇಟ್ಟು ಬಾಗಲಾ ಹಾಕಿದ್ರು. ಸೋಮವಾರ ಇಕಿ ನೋಡೂಮುಂದ ನೆಟ್ಟಗಿದ್ವು. ಅಂದ್ರ ನಡುವ ಯಾರೋ ಬಂದು, ಹೆಪ್ಪುಗಟ್ಟಿದ ಡಬ್ಬೀನ ಒತ್ತಿ ಜಾಗದಾಗ ಕೂಡಿಸ್ಯಾರ. ಮೂಲಿ ಹರದೈತಿ. ಮಂಗಳವಾರಕ್ಕೂ ಸೋಮವಾರಕ್ಕೂ ನಡುವ ಆ ಬಾಗಲಾ ತೆಗದವ್ರು ಒಬ್ಬರ. ಹೋದ ಶುಕ್ರವಾರ, ಮುಂಜಾನಿ ಹತ್ತೂ ಹತ್ತು. ಸರ್ ಅವತ್ತು ರಾಯಚೂರಾಗಿದ್ರು.” ಅವಳು ಪುಸ್ತಕ ತೆರೆದು ತಿರುಗಿಸಿಟ್ಟಳು. “ಹೆಸರು ನೀನ ಬರದೀ ಅಶ್ವಿನಿ.”

ಸಂಘಮಿತ್ರಾಳ ಕೈ ಇನ್ನೂ ಅಶ್ವಿನಿಯ ಕೈಯಲ್ಲಿತ್ತು. ಯಾರು ಮೊದಲು ಬಿಟ್ಟರೆಂದು ಅಮರೇಶ್ವರಿಗೆ ಕಾಣಲಿಲ್ಲ.

“ಅರ್ಧ ತಾಸು ಅಂತ ಇಟ್ಟಿದ್ದೆರಿ,” ಎಂದಳು ಅಶ್ವಿನಿ. ಅವಳು ಅಳಲಿಲ್ಲ. “ಥರ್ಮಾಕೋಲ್ ಪೆಟಗಿಯಾಗ ಐಸ್ ಹಾಕೇ ಇಟ್ಟಿದ್ದೆ. ಆರತಿ ಆತು, ಫೋಟೊ ಆತು, ಊಟ ಆತು. ಮನಿಯಿಂದ ಫೋನ್ ಬಂತು. ನೆಪ್ಪಾದಾಗ ಐದು ಗಂಟಿ. ಐಸ್ ಕರಗಿತ್ತು, ಡಬ್ಬಿ ಅಲ್ಲೇ ನೆಲದ ಮ್ಯಾಲಿಟ್ಟು ನೀರು ಬಸದೆ.”

“ಯಾರು ತೆಗಿ ಅಂದ್ರು ನಿಂಗ?”

“ಯಾರೂ ಅನ್ನಲಿಲ್ಲ. ಸರ್ ಅಂದಿದ್ರು, ತಂಡಕ್ಕ ಫೋಟೊ ಕಳಸಬೇಕು, ಈ ಸಲ ಒಂದು ಯಂತ್ರಾನೂ ಹೊರಗುಳೀಬಾರದು ಅಂತ.”

“ನಾ ಹೇಳಿದ್ದು ಯಂತ್ರದ ಬಗ್ಗೆ,” ವಿರೇಶರು ಎಂದರು. “ಹೆಂಗ ಮಾಡ್ತಾರಂತ ನಾ ಕೇಳಿಲ್ಲ.”

“ಜನರೇಟರ್ ಖೋಲಿಗೇ ಯಾಕ ಒಯ್ದಿ?” ಅಮರೇಶ್ವರಿ ಕೇಳಿದಳು. “ನಿನ್ನ ಬೆಂಚ್ ಇತ್ತು. ಬಾಜೂ ಖೋಲಿಯಾಗ ಇನ್ನೊಂದು ಫ್ರಿಜ್ ಇತ್ತು.”

ಅಶ್ವಿನಿ ಬ್ಯಾನರಿನ ಕಡೆ ನೋಡಿದಳು.

“ಒಳಗ ಎಲ್ಲಾ ಕಡೆ ಪೂಜಾ ನಡದಿತ್ತಲ್ರಿ.”

“ಇಕೀ ಬುತ್ತಿಯಾಗ ನಾಕು ವರ್ಷ ಉಂಡೀ ನೀ.”

“ಅದು ಬ್ಯಾರೆ ಮೇಡಂ,” ಎಂದಳು ಅಶ್ವಿನಿ. ಹೇಳಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿದಂತಾಯಿತು. “ನಂಗ ಹಂಗೇನಿಲ್ರಿ. ದೇವರ ಮುಂದ… ಅಷ್ಟ.”

ಸಂಘಮಿತ್ರಾ ಮೊದಲ ಬಾರಿ ಅವಳ ಕಡೆ ತಿರುಗಿದಳು.

“ಗುರುವಾರ ನಾ ಗುಡ್ಡದಿಂದ ಫೋನ್ ಮಾಡಿದ್ನಲ್ಲ ನಿಂಗ. ಹಬ್ಬ ಹೆಂಗಾತು ಅಂತ ಕೇಳಿದ್ನಲ್ಲ.”

“ಹೇಳಬೇಕಂತ ಇದ್ದೆ ಮಿತ್ರಾ.”

“ಮಂಗಳವಾರ ಸಂಜೀಕನ ಹೇಳಿದ್ರ ಅವತ್ತ ಬಂದು ತಟ್ಟೆಗೆ ಹಾಕ್ತಿದ್ದೆ. ಒಂದಿಪ್ಪತ್ತರ ಉಳೀತಿದ್ವು. ಮತ್ತ ಹೆಪ್ಪುಗಟ್ಟಿಸಿದ್ದಕ್ಕ ಸತ್ವು. ಅದು ನಿಂಗೂ ಗೊತ್ತಿತ್ತು.”

ಅಶ್ವಿನಿ ತಲೆ ಆಡಿಸಿದಳು. ಗೊತ್ತಿತ್ತು.

ಉಳಿದವರು ಹೋದ ಮೇಲೆ ವಿರೇಶರು ಬಾಗಿಲು ಹಾಕಿದರು.

“ಮೇಡಂ, ಕುಂಕುಮ, ತೊಗಲು ಅಂತೆಲ್ಲಾ ಬರೀಬ್ಯಾಡ್ರಿ. ಕೇಸ್ ಆದ್ರ ಪೇಪರಿಗೆ ಬರ್ತೈತಿ. ಒಂದು ಹುಡುಗೀ ಜೀವನ ಹಾಳಾಗ್ತೈತಿ.”

“ಯಾವ ಹುಡುಗೀದು ಸರ್?”

ವಿರೇಶರು ಗೋಡೆಯ ಗಡಿಯಾರ ನೋಡಿದರು. “ನೀವು ತಿಳದವ್ರು.”

ಅಮರೇಶ್ವರಿ ಎಲ್ಲವನ್ನೂ ಬರೆದಳು. ಹನ್ನೊಂದು ಪುಟ, ಐದು ಫೋಟೊ, ಪುಸ್ತಕದ ನಕಲು. ಸೋಮವಾರ ಕುಲಸಚಿವರ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದಳು. ಮಂಗಳವಾರ ಕಚೇರಿಯಿಂದ ಫೋನ್ ಬಂತು: ವರದಿ ದೀರ್ಘವಾಗಿದೆ, ಒಂದು ಪುಟದ ಸಾರಾಂಶ ಕಳಿಸಿ. ಸಾರಾಂಶ ಕಳಿಸಿದಳು. ಅದರಲ್ಲೂ ಅಶ್ವಿನಿಯ ಹೆಸರಿತ್ತು.

ಆ ಸಂಜೆ ಸಂಘಮಿತ್ರಾ ಗುರುಗುಂಟಾಕ್ಕೆ ಹೊರಟಾಗ ಅಮರೇಶ್ವರಿಯೂ ಬಸ್ ಹತ್ತಿದಳು. ಹೊಂಡವಿದ್ದ ಜಾಗದಲ್ಲಿ ಸಿಮೆಂಟ್ ಇಟ್ಟಿಗೆಯ ಅಂಗಳವಾಗಿತ್ತು. ಅಜ್ಜ ನರಸಣ್ಣ ಬೇವಿನ ಗಿಡದ ಕೆಳಗೆ ಕುಳಿತಿದ್ದ.

“ಅಜ್ಜಾ, ಅಂಚಿನಾಗರ ಹಳೇ ಮಣ್ಣು ಸಿಗಬೌದೇನು?” ಮೊಮ್ಮಗಳು ಕೇಳಿದಳು.

“ಜೆಸಿಬಿಲೆ ತೋಡಿ, ಮಣ್ಣು ಟ್ರ್ಯಾಕ್ಟರಿನಾಗ ಒಯ್ದ್ರಲ್ಲವ್ವಾ. ನಾನ ನಿಂತು ಒಯ್ಸೀನಿ.” ಮುದುಕ ನಕ್ಕ. “ನಾತ ಹೋಗ್ಲಿ ಅಂತ ಮ್ಯಾಲ ಫಿನಾಯಿಲ್ ಸೈತ ಹೊಡಸೀನಿ. ನೀ ದೊಡ್ಡ ಓದು ಓದಾಕಿ. ನಿನ್ನ ಗೆಳತ್ಯಾರು ಬಂದ್ರ ನಾಚಿಕಿ ಆಗಬಾರದಂತ.”

ಸಂಘಮಿತ್ರಾ ಅವನ ಪಕ್ಕದಲ್ಲಿ ಕುಳಿತಳು. ಏನಾಯಿತೆಂದು ಅವನಿಗೆ ಹೇಳಲಿಲ್ಲ. ಅಮರೇಶ್ವರಿಯೂ ಹೇಳಲಿಲ್ಲ.

ಬುಧವಾರ ಸಂಶೋಧನಾ ಸಮಿತಿ ಸೇರಿತು. ವಿಷಯ ಸಂಖ್ಯೆ ಏಳು, ನಾಲ್ಕು ನಿಮಿಷ. ‘ವಿದ್ಯುತ್ ವ್ಯತ್ಯಯದಿಂದ ಮಾದರಿಗಳು ನಷ್ಟವಾಗಿರುವುದನ್ನು ಸಮಿತಿ ವಿಷಾದದಿಂದ ಗಮನಿಸಿದೆ’ ಎಂದು ನಡಾವಳಿಯಲ್ಲಿ ಬರೆಯಲಾಯಿತು. ಅಕ್ಟೋಬರ್ ಮೂವತ್ತೊಂದಕ್ಕೆ ಸಂಘಮಿತ್ರಾಳ ನೋಂದಣಿ ರದ್ದಾಯಿತು. ನವೆಂಬರ್ ಹತ್ತರಂದು ಅವಳು ಲಿಂಗಸುಗೂರಿನ ಖಾಸಗಿ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದಳು.